ಓದು ಬರಹಕ್ಕೂ ಮೊದಲು ಹೆಣಿಗೆ

ಹಾಸನದಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ ಕೇಳುವುದು ಇದನ್ನೇ. "ಏಳು ತುಂಬ್ತಲ್ಲೇ, ಮಗೂಗೆ ಇನ್ನೂ ಓದೋಕೆ ಬರಲ್ವಾ?" ಫೋನಿನಲ್ಲಿ ಸಮಾಧಾನವಾಗಿ ಹೇಳೋಕೆ ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಮಗಳು ಹೋಗುವುದು ವಾಲ್ಡಾರ್ಫ್ ಶಾಲೆಗೆ. ಈ ಶಿಕ್ಷಣ ಪದ್ಧತಿ ಹುಟ್ಟಿದ್ದೇ ಈ ಊರಲ್ಲಿ, 1919ರಲ್ಲಿ. ವಾಲ್ಡಾರ್ಫ್ ಅಸ್ಟೋರಿಯಾ ಸಿಗರೇಟ್ ಕಾರ್ಖಾನೆಯ ಎಮಿಲ್ ಮೋಲ್ಟ್ ತಮ್ಮ ಕೆಲಸಗಾರರ ಮಕ್ಕಳಿಗೊಂದು ಶಾಲೆ ಬೇಕೆಂದು ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ ಅವರನ್ನು ಕೇಳಿಕೊಂಡರು. ಕಾರ್ಖಾನೆಯ ಹೆಸರೇ ಶಾಲೆಗೂ ಬಂತು. ಹುಡುಗರು ಹುಡುಗಿಯರು, ಬಡವರು ಉಳ್ಳವರು ಎಲ್ಲ ಒಂದೇ ತರಗತಿಯಲ್ಲಿ ಕೂತರು. ಆ ಕಾಲಕ್ಕೆ ಇದು ಸಣ್ಣ ವಿಷಯ ಅಲ್ಲ.

ಸ್ಟೈನರ್ ಬಾಲ್ಯವನ್ನು ಏಳೇಳು ವರ್ಷಗಳ ಘಟ್ಟಗಳಾಗಿ ನೋಡಿದರು. ಮೊದಲ ಘಟ್ಟದಲ್ಲಿ ಮಗು ದೊಡ್ಡವರನ್ನು ನೋಡಿ, ಹಾಗೇ ಮಾಡಿ ಕಲಿಯುತ್ತದೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಹೊತ್ತಿಗೆ ಅಕ್ಷರಕ್ಕೆ ಅಣಿಯಾಗುತ್ತದೆ. ಅಲ್ಲಿಂದ ಹದಿನಾಲ್ಕರವರೆಗೆ ಕಥೆ, ಚಿತ್ರ, ಹಾಡಿನ ಮೂಲಕವೇ ಪಾಠ. ವಾದ, ತರ್ಕ ಎಲ್ಲ ಆಮೇಲೆ.

ಒಂದನೇ ತರಗತಿಯ ಮೊದಲ ಪಾಠ ಒಂದು ನೇರ ಗೆರೆ, ಒಂದು ಬಾಗಿದ ಗೆರೆ. ಆಮೇಲೆ ಗೆರೆಗಳನ್ನು ಸುತ್ತಿಸಿ, ಹೆಣೆದು ಚಿತ್ತಾರ ಬಿಡಿಸುತ್ತಾರೆ. "ರಂಗೋಲಿ ಕಲಿಸ್ತಾರೆ ಅನ್ನು" ಅಂದರು ಅಮ್ಮ. ಹೌದು, ಸುಮಾರಾಗಿ ಹಾಗೇ. ಅಕ್ಷರವೂ ಚಿತ್ರದಿಂದಲೇ ಹುಟ್ಟುತ್ತದೆ. ಮೀನಿನ ಕಥೆ ಹೇಳಿ, ಮೀನು ಬರೆಸಿ, ಅದರ ಈಜುರೆಕ್ಕೆಗಳಿಂದ ಎಫ್ ಅಕ್ಷರ ತೆಗೆಯುತ್ತಾರೆ. ಲೆಕ್ಕದಲ್ಲಿ ಏಳು ಕೂಡಿಸು ಐದು ಎಷ್ಟು ಅಂತ ಶುರು ಮಾಡುವುದಿಲ್ಲ. ಹನ್ನೆರಡು ಬೀಜ ಮುಂದಿಟ್ಟು, ಎಷ್ಟು ಥರ ಪಾಲು ಮಾಡಬಹುದು ಅಂತ ಕೇಳುತ್ತಾರೆ. ಸರಿ ಉತ್ತರ ಒಂದೇ ಅಲ್ಲ, ಹಲವು.

ನನಗೆ ತುಂಬಾ ಇಷ್ಟವಾದದ್ದು ಹೆಣಿಗೆ. ಹುಡುಗರಿಗೂ ಇದೆ. ಮಗಳು ಮರದ ಕಡ್ಡಿಯ ತುದಿಯನ್ನು ಚೂಪು ಮಾಡಿ, ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ನುಣುಪು ಮಾಡಿದಳು. ಉಣ್ಣೆ ಕೈಗೆ ಬಂದದ್ದು ಆಮೇಲೆ. ಒಂದು ಸಾಲು ಮುಗಿಸಿ ಕುಣಿಕೆಗಳನ್ನು ಎಣಿಸುತ್ತಾಳೆ. ಒಂದು ಕಮ್ಮಿ ಬಂದರೆ ಹುಬ್ಬು ಗಂಟಿಕ್ಕಿ ಹುಡುಕುತ್ತಾಳೆ. ಸಿಗದಿದ್ದರೆ ಬಿಚ್ಚಿ ಮತ್ತೆ ಹೆಣೆಯುತ್ತಾಳೆ. ಯಾರೂ ಬೈಯಲಿಲ್ಲ, ಯಾರೂ ಅಂಕ ಕಳೆಯಲಿಲ್ಲ. ತಪ್ಪು ಎಲ್ಲಿದೆ ಅಂತ ಅವಳ ಬೆರಳಿಗೇ ಗೊತ್ತಾಗುತ್ತದೆ. ಎಣಿಕೆ, ತಾಳ್ಮೆ, ಎರಡೂ ಕೈಗಳ ಹೊಂದಾಣಿಕೆ ಒಟ್ಟಿಗೇ ಬರುತ್ತಿದೆ, ಅಲ್ವಾ?

ಹಾಗಂತ ಸ್ಟೈನರ್ ಹೇಳಿದ್ದನ್ನೆಲ್ಲ ನಾನು ಒಪ್ಪುವುದಿಲ್ಲ. ಜನಾಂಗಗಳ ಬಗ್ಗೆ ಅವರು ಆಡಿದ ಕೆಲವು ಮಾತು ಓದಿದರೆ ಮೈ ಉರಿಯುತ್ತದೆ. ಕಂದು ಮೈಬಣ್ಣದ ಮಗುವಿನ ತಾಯಿಯಾಗಿ ಇದನ್ನು ಶಾಲೆಯಲ್ಲಿ ನೇರವಾಗಿಯೇ ಕೇಳಿದೆ. ಜರ್ಮನಿಯ ವಾಲ್ಡಾರ್ಫ್ ಶಾಲೆಗಳ ಒಕ್ಕೂಟ 2007ರಲ್ಲಿ ಜನಾಂಗಭೇದದ ವಿರುದ್ಧ ಹೊರಡಿಸಿದ ಘೋಷಣೆಯನ್ನು ತೋರಿಸಿದರು. ಕಾಗದ ಒಂದೇ ಸಾಲದು. ದಿನಾ ತರಗತಿಯಲ್ಲಿ ಅವಳನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದನ್ನು ಗಮನಿಸುತ್ತಲೇ ಇದ್ದೇನೆ. ಇಲ್ಲಿಯವರೆಗೆ ಅವಳು ಖುಷಿಯಾಗಿದ್ದಾಳೆ.

ಅಮ್ಮನ ಇನ್ನೊಂದು ಚಿಂತೆ ಕಾಲೇಜು. ಕಾಲೇಜಿಗೆ ಹೋಗಬೇಕು ಅನ್ನುವ ವಾಲ್ಡಾರ್ಫ್ ಮಕ್ಕಳು ಇಲ್ಲಿ 13ನೇ ತರಗತಿಯಲ್ಲಿ ಅಬಿಟೂರ್ ಬರೆಯುತ್ತಾರೆ. ಅದು ಸರ್ಕಾರದ್ದೇ ಪರೀಕ್ಷೆ.