ನೀಲಿ ಗೆರೆಯ ಮುಂದೆ ಒಂದು ದಿನ

ಸಭಾಂಗಣದ ಬಾಗಿಲು ತೆರೆಯುವ ಹೊತ್ತಿಗೇ ನೆರೆ ನೀರು ಎಲ್ಲಿಯವರೆಗೆ ಬರಬಹುದೆಂದು ನೀಲಿ ಗೆರೆ ಎಳೆದು ಗೋಡೆಗೆ ಅಂಟಿಸಿದ ನಕ್ಷೆಯ ಮುಂದೆ ಗುಂಪು ಸೇರಿರುತ್ತದೆ. ಎಲ್ಲರ ಬೆರಳೂ ಹುಡುಕುವುದು ಒಂದನ್ನೇ: ನಮ್ಮ ಮನೆ ನೀಲಿಯೊಳಗೆ ಬಿತ್ತೋ, ಹೊರಗೆ ಉಳಿಯಿತೋ? ನಗರದ ಪ್ರವಾಹ ಬಯಲಿನ ನಿಯಮಗಳನ್ನು ತಿದ್ದುವ ಅಹವಾಲು ಸಭೆಯ ಮೊದಲ ಗಂಟೆ ಇದರಲ್ಲೇ ಕಳೆಯುತ್ತದೆ. ಒಳಗೆ ಬಿದ್ದವರು ಸಿಟ್ಟಾಗುತ್ತಾರೆ, ಹೊರಗುಳಿದವರು ನಿರಾಳವಾಗಿ ಮನೆಗೆ ಹೊರಡುತ್ತಾರೆ. ಆ ನಿರಾಳಕ್ಕೆ ಆಧಾರವಿಲ್ಲ. ಗೆರೆಯಿಂದ ಹತ್ತು ಸೆಂಟಿಮೀಟರ್ ಎತ್ತರದಲ್ಲಿರುವ ಮನೆಗೂ ನೀರು ಬರಬಹುದು, ಸ್ವಲ್ಪ ಅಪರೂಪಕ್ಕೆ ಅಷ್ಟೆ.

ಈ ಗೆರೆಗೆ ಆಧಾರವಾದ ‘ನೂರು ವರ್ಷದ ಪ್ರವಾಹ’ ಎಂಬ ಮಾತಿನಿಂದಾದ ಹಾನಿ ಕಡಿಮೆಯದಲ್ಲ. ಹೋದ ವರ್ಷ ಬಂದಿದೆ, ಇನ್ನು ಮೊಮ್ಮಕ್ಕಳ ಕಾಲಕ್ಕೆ ಎಂದು ಜನ ಅರ್ಥ ಮಾಡಿಕೊಳ್ಳುತ್ತಾರೆ. ಅದರ ನಿಜವಾದ ಅರ್ಥ, ಯಾವುದೇ ಒಂದು ವರ್ಷದಲ್ಲಿ ಅಷ್ಟು ನೀರು ಬರುವ ಸಾಧ್ಯತೆ ಶೇ 1 ಎಂಬುದು. 30 ವರ್ಷದ ಗೃಹಸಾಲದ ಅವಧಿಗೆ ಲೆಕ್ಕ ಹಾಕಿದರೆ ಸಾಧ್ಯತೆ ಶೇ 26ಕ್ಕೆ ಏರುತ್ತದೆ, ಅಂದರೆ ನಾಲ್ಕರಲ್ಲಿ ಒಂದು. ಸಭೆಯ ಆರಂಭದಲ್ಲೇ ಈ ಒಂದು ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದರೆ ಮುಂದಿನ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಜನರಿಗೆ ಸಿಟ್ಟು ಬರುವುದು ಸಹಜ. ಆದರೆ ನಡಾವಳಿಯಲ್ಲಿ ಸಿಟ್ಟು ‘ಗಮನಿಸಲಾಗಿದೆ’ ಎಂಬ ಒಂದೇ ಪದವಾಗಿ ಮುಗಿಯುತ್ತದೆ. ಗೆರೆಯನ್ನು ಕದಲಿಸುವುದು ಅಳತೆ. ನಕ್ಷೆ ಮಾಡಿದವರ ಹತ್ತಿರ ಮಳೆಯ ದಾಖಲೆ, ನದಿಯ ಅಡ್ಡಕೊಯ್ತ, ಕಂಪ್ಯೂಟರ್ ಮಾದರಿ ಎಲ್ಲವೂ ಇರುತ್ತವೆ. ಹೋದ ನೆರೆಯಲ್ಲಿ ನೀರು ಯಾವ ಬೀದಿಯ ಯಾವ ಗೋಡೆಗೆ ಎಷ್ಟು ಎತ್ತರ ಬಂದಿತ್ತು ಎಂಬುದು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಅದು ಇರುವುದು ಬೀದಿಯವರ ಹತ್ತಿರ. ಹಾಗಾಗಿ ಮಧ್ಯಾಹ್ನದ ಊಟವಾದ ಮೇಲೆ ಸಭಾಂಗಣ ಬಿಟ್ಟು ಬೀದಿಗೆ ಇಳಿಯುವುದೇ ಈ ದಿನದ ಮುಖ್ಯ ಕೆಲಸ.

ಗೋಡೆಯಲ್ಲಿ ನೋಡಬೇಕಾದದ್ದು ಕೆಸರಿನ ಗೆರೆ, ತೇವದ ಕಲೆಯಲ್ಲ. ಇಟ್ಟಿಗೆಯೂ ಗಾರೆಯೂ ನೀರನ್ನು ಮೇಲಕ್ಕೆ ಹೀರುತ್ತವೆ, ಆದ್ದರಿಂದ ತೇವದ ಕಲೆ ನಿಜವಾದ ಮಟ್ಟಕ್ಕಿಂತ ಮೇಲಿರುತ್ತದೆ. ಬೀದಿ ಬದಿಯ ಗೋಡೆಗಿಂತ ಹಿಂದಿನ ಕೋಣೆಯ ಗೋಡೆ ವಾಸಿ. ಹೊರಗೆ ಅಲೆ ಬಡಿದಿರುತ್ತದೆ, ವಾಹನ ಹೋದಾಗ ನೀರು ಎಗರಿರುತ್ತದೆ. ಒಳಗೆ ನೀರು ನಿಂತಿರುತ್ತದೆ. ಸೇತುವೆಯ ಕಂಬದ ಮೇಲಿನ ಗುರುತನ್ನು ತಂದವರಿಗೆ ಒಂದು ಪ್ರಶ್ನೆ ಕೇಳಲೇಬೇಕು: ಹರಿವಿಗೆ ಎದುರಾದ ಮುಖದ್ದೋ, ಹಿಂಬದಿಯದ್ದೋ? ಸೆಕೆಂಡಿಗೆ 2 ಮೀಟರ್ ವೇಗದ ನೀರು ಎದುರು ಮುಖಕ್ಕೆ ಬಡಿದು ಸುಮಾರು 20 ಸೆಂಟಿಮೀಟರ್ ಮೇಲೇರುತ್ತದೆ. ಅದನ್ನೇ ನೆರೆಯ ಮಟ್ಟವೆಂದು ಬರೆದುಕೊಟ್ಟರೆ ಎದುರಿನವರು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ತಳ್ಳಿಹಾಕುವುದು ಸರಿಯೂ ಹೌದು.

ಗುರುತು ಸಿಕ್ಕಿದ ಮೇಲೆ ಅದನ್ನು ಎತ್ತರ ಮೊದಲೇ ಗೊತ್ತಿರುವ ಸರ್ವೆ ಗುರುತಿಗೆ, ಅಂದರೆ ಬೆಂಚ್ ಮಾರ್ಕ್‌ಗೆ ಸೇರಿಸಬೇಕು. ‘ಸೊಂಟದ ಮಟ್ಟಕ್ಕೆ ಬಂದಿತ್ತು’ ಎಂದರೆ ಯಾರ ಸೊಂಟ? ಗಾರೆ ಮೇಸ್ತ್ರಿಗಳ ಹತ್ತಿರ ಇರುವ ನೀರಿನ ಲೆವೆಲ್ ಪೈಪು ಈ ಕೆಲಸಕ್ಕೆ ಸಾಕು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಗುಳ್ಳೆಗಳನ್ನೆಲ್ಲ ಹೊರಗೆ ಬಿಡಬೇಕು. ಒಂದು ಗುಳ್ಳೆ ಉಳಿದರೂ ಓದು ತಪ್ಪುತ್ತದೆ. ಎರಡೂ ತುದಿಗಳು ತೆರೆದಿರಬೇಕು. ಹೆಬ್ಬೆರಳು ಅಡ್ಡವಿಟ್ಟು ಅಳೆಯುವವರು ತುಂಬಾ ಜನ. ಪೈಪಿನ ಅರ್ಧ ಬಿಸಿಲಲ್ಲಿ, ಅರ್ಧ ನೆರಳಲ್ಲಿ ಇರಬಾರದು. ನೀರು ಅಲುಗಾಡುವುದು ನಿಂತ ಮೇಲೆಯೇ ಗೀಟು ಹಾಕಬೇಕು. ಹೀಗೆ ಹಂತಹಂತವಾಗಿ ಗುರುತಿನವರೆಗೆ ಹೋಗಿ, ಬೇರೆ ದಾರಿಯಲ್ಲಿ ಅಳೆಯುತ್ತಾ ಬೆಂಚ್ ಮಾರ್ಕ್‌ಗೇ ವಾಪಸು ಬರಬೇಕು. ಹೊರಟ ಮಟ್ಟಕ್ಕೂ ಮರಳಿದ ಮಟ್ಟಕ್ಕೂ ಎರಡು ಮೂರು ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೊದಲಿನಿಂದ ಅಳೆಯಬೇಕು. ಬೇಸರದ ಕೆಲಸ, ಆದರೆ ಈ ವಾಪಸು ಅಳತೆಯ ಹಾಳೆಯನ್ನು ಮುಂದಿಟ್ಟರೆ ಎಂಜಿನಿಯರ್‌ಗಳ ಮಾತಿನ ಧಾಟಿ ಬದಲಾಗುತ್ತದೆ.

ನಕ್ಷೆಯ ಎತ್ತರಗಳು ಯಾವ ಶೂನ್ಯದಿಂದ ಅಳೆದವು ಎಂಬುದನ್ನೂ ಕೇಳಿಕೊಳ್ಳಬೇಕು. ಅಮೆರಿಕದಲ್ಲಿ 1929ರ ಆಧಾರ ಮಟ್ಟವನ್ನು ಬಿಟ್ಟು 1988ರದ್ದಕ್ಕೆ ಬದಲಾಯಿಸಿದಾಗ ಕೆಲವು ಪ್ರದೇಶಗಳಲ್ಲಿ ಸಂಖ್ಯೆಗಳು ಒಂದು ಮೀಟರ್‌ಗಿಂತ ಹೆಚ್ಚು ಸರಿದವು. ನೆಲ ಅಲ್ಲೇ ಇತ್ತು, ಕಾಗದದ ಮೇಲಿನ ಅಂಕಿ ಬದಲಾಯಿತು ಅಷ್ಟೆ.

ಸಂಜೆ ನಿಯಮಗಳ ಕರಡಿನ ಸರದಿ. ಗೆರೆಗಿಂತಲೂ ಹೆಚ್ಚು ನಷ್ಟ ಅಡಗಿರುವುದು ವ್ಯಾಖ್ಯೆಗಳಲ್ಲಿ, ಅದನ್ನು ಓದುವ ಹೊತ್ತಿಗೆ ಮಾತ್ರ ಅರ್ಧ ಕುರ್ಚಿಗಳು ಖಾಲಿ. ‘ಅತಿ ಕೆಳಗಿನ ಅಂತಸ್ತು’ ನೆರೆ ಮಟ್ಟಕ್ಕಿಂತ ಇಷ್ಟು ಅಡಿ ಮೇಲಿರಬೇಕು ಎಂದು ನಿಯಮವಿರುತ್ತದೆ. ಆ ಹೆಚ್ಚುವರಿ ಎತ್ತರ ಬಹಳ ಕಡೆ ಒಂದರಿಂದ ಮೂರು ಅಡಿ. ತಳಮಹಡಿ ಅದರಲ್ಲಿ ಸೇರುತ್ತದೆಯೋ ಇಲ್ಲವೋ ಎಂದು ಬರೆಯದಿದ್ದರೆ, ಮೀಟರು, ಜನರೇಟರು, ಪಂಪು ಎಲ್ಲವೂ ನೆಲದಡಿಯಲ್ಲೇ ಕೂರುತ್ತವೆ. ಮೇಲಿನ ಮನೆಗಳು ಒಣಗಿದ್ದೂ ಕಟ್ಟಡ ಕತ್ತಲಲ್ಲಿರುತ್ತದೆ.

ದುರಸ್ತಿಯ ನಿಯಮ ಇನ್ನೂ ಸೂಕ್ಷ್ಮ. ಹಾನಿಯಾದ ಕಟ್ಟಡದ ದುರಸ್ತಿ ವೆಚ್ಚ ಅದರ ಮಾರುಕಟ್ಟೆ ಮೌಲ್ಯದ ಅರ್ಧವನ್ನು ಮುಟ್ಟಿದರೆ ಹೊಸ ಕಟ್ಟಡದ ನಿಯಮವೇ ಅದಕ್ಕೂ ಅನ್ವಯಿಸಬೇಕೆಂಬುದು ಅಮೆರಿಕದ ಪ್ರವಾಹ ವಿಮಾ ಯೋಜನೆಯ ಕನಿಷ್ಠ ಷರತ್ತು. ಮೌಲ್ಯ ಎಂದರೆ ಕಟ್ಟಡದ್ದು ಮಾತ್ರ, ಜಾಗದ್ದಲ್ಲ. ಜಾಗವನ್ನೂ ಸೇರಿಸಿದರೆ ಆ ಅರ್ಧವನ್ನು ಯಾರೂ ಮುಟ್ಟುವುದೇ ಇಲ್ಲ. ಇನ್ನೊಂದು ಕಂಡಿ, ಶೇ 40ರ ಕೆಲಸ ಈ ವರ್ಷ, ಮತ್ತೆ ಶೇ 40 ಮುಂದಿನ ವರ್ಷ. ‘ಹತ್ತು ವರ್ಷಗಳ ದುರಸ್ತಿಯನ್ನು ಒಟ್ಟುಗೂಡಿಸಿ’ ಎಂಬ ನಾಲ್ಕು ಪದ ಸೇರಿಸಿದರೆ ಅದು ಮುಚ್ಚುತ್ತದೆ. ಬಡವರ ಮನೆಗೆ ಇದು ಭಾರವಾದೀತು ಎಂಬ ಆಕ್ಷೇಪಕ್ಕೂ ತೂಕವಿದೆ. ಅದಕ್ಕೆ ಪರಿಹಾರ ಮನೆ ಎತ್ತರಿಸಲು ಹಣದ ನೆರವು. ನಿಯಮದಲ್ಲಿ ತೂತು ಬಿಡುವುದಲ್ಲ.

ವಾಹನ ನಿಲ್ಲಿಸಲು ನೆಲಮಟ್ಟದಲ್ಲಿ ಗೋಡೆ ಕಟ್ಟಿದ ಜಾಗವಿದ್ದರೆ ನೀರು ಒಳಹೊಕ್ಕು ಹೊರಹೋಗಲು ಕಿಂಡಿ ಬೇಕು. ಪ್ರತಿ ಚದರ ಅಡಿ ನೆಲಕ್ಕೆ ಒಂದು ಚದರ ಅಂಗುಲ ಕಿಂಡಿ, ಕನಿಷ್ಠ ಎರಡು, ಬೇರೆ ಬೇರೆ ಗೋಡೆಗಳಲ್ಲಿ, ಕಿಂಡಿಯ ತಳ ನೆಲದಿಂದ ಒಂದು ಅಡಿಯೊಳಗೆ. 300 ಚದರ ಅಡಿಗೆ 300 ಚದರ ಅಂಗುಲ. ಜಾಲರಿ ಹಾಕಿದರೆ ಅದರ ಸರಳುಗಳ ಜಾಗವನ್ನು ಕಳೆದು ಎಣಿಸಬೇಕು. ಕಿಂಡಿ ಏಕೆ? ಹೊರಗೆ ಒಂದು ಮೀಟರ್ ನೀರು, ಒಳಗೆ ಖಾಲಿ ಇದ್ದರೆ ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಸುಮಾರು 500 ಕಿಲೋ ಭಾರ ಒತ್ತುತ್ತದೆ. ಒಂದೂವರೆ ಮೀಟರ್ ಆದರೆ 1,100 ಕಿಲೋ ದಾಟುತ್ತದೆ. ಸಾಧಾರಣ ಇಟ್ಟಿಗೆ ಗೋಡೆಯನ್ನು ಇಂಥ ಭಾರಕ್ಕೆಂದು ಕಟ್ಟಿರುವುದಿಲ್ಲ.

ಮಣ್ಣು ತುಂಬುವ ವಿಷಯಕ್ಕೆ ಬಂದಾಗ ನೆರೆಹೊರೆಯವರೇ ಎದುರುಬದುರಾಗುತ್ತಾರೆ. ಒಬ್ಬರು ನಿವೇಶನ ಏರಿಸಿದರೆ ಅಲ್ಲಿ ನಿಲ್ಲುತ್ತಿದ್ದ ನೀರು ಪಕ್ಕದವರ ಅಂಗಳಕ್ಕೆ ಹೋಗುತ್ತದೆ. ಒಂದೊಂದೇ ಅರ್ಜಿಯನ್ನು ಬಿಡಿಯಾಗಿ ಪರಿಶೀಲಿಸಿದರೆ ಪ್ರತಿಯೊಂದರ ಪರಿಣಾಮವೂ ‘ನಗಣ್ಯ’. ನೂರು ನಗಣ್ಯಗಳು ಸೇರಿದರೆ ಒಂದು ಬಡಾವಣೆ ಮುಳುಗುತ್ತದೆ. ತುಂಬಿದಷ್ಟೇ ಘನ ಅಳತೆಯ ಮಣ್ಣನ್ನು ಅದೇ ಎತ್ತರದಲ್ಲಿ, ನದಿಯ ಅದೇ ಭಾಗದಲ್ಲಿ ಅಗೆದು ತೆಗೆಯಬೇಕೆಂದು ಕೇಳಬೇಕು. ‘ಅದೇ ಎತ್ತರದಲ್ಲಿ’ ಎಂಬುದನ್ನು ಬಿಟ್ಟರೆ ಎಲ್ಲೋ ಒಂದು ಹೊಂಡ ತೋಡಿ ಲೆಕ್ಕ ಒಪ್ಪಿಸುತ್ತಾರೆ. ಆ ಹೊಂಡವಾದರೋ ನೆರೆ ಬರುವ ಮೊದಲೇ ತುಂಬಿರುತ್ತದೆ.

ದಾರಿಯ ಬಗ್ಗೆ ಕರಡುಗಳು ಮೌನವಾಗಿರುವುದೇ ಹೆಚ್ಚು. ಮನೆ ಎತ್ತರದಲ್ಲಿದ್ದೂ ರಸ್ತೆ ಮುಳುಗಿದರೆ ಆಂಬುಲೆನ್ಸ್ ಬಾರದು. ರಭಸದ ನೀರು ಒಂದು ಅಡಿ ಇದ್ದರೆ ಸಣ್ಣ ಕಾರು, ಎರಡು ಅಡಿ ಇದ್ದರೆ ಬಹುಪಾಲು ವಾಹನಗಳು ಕೊಚ್ಚಿಹೋಗುತ್ತವೆ.

ಸಭೆಗೆ ಬಾರದವರ ಲೆಕ್ಕವೂ ಅಂದೇ ಆಗಬೇಕು. ನೋಟಿಸು ಹೋಗುವುದು ಆಸ್ತಿ ತೆರಿಗೆಯ ಪಟ್ಟಿ ಹಿಡಿದು. ನೆಲಮಹಡಿಯ ಬಾಡಿಗೆದಾರರು ಅದರಲ್ಲಿ ಇರುವುದೇ ಇಲ್ಲ, ನೀರು ಮೊದಲು ನುಗ್ಗುವುದು ಅವರ ಮನೆಗೆ. ಹಗಲಿನಲ್ಲೊಂದು, ಕೆಲಸ ಬಿಟ್ಟ ಮೇಲೊಂದು ಸಭೆ ಇಟ್ಟರೆ ಬೇರೆ ಬೇರೆ ಜನ ಬರುತ್ತಾರೆ.

ಕೊನೆಗೆ ಲಿಖಿತ ಆಕ್ಷೇಪಣೆ. ಕಲಂ ಸಂಖ್ಯೆ, ಈಗಿರುವ ಪದಗಳು, ಬದಲಿಗೆ ಬೇಕಾದ ಪದಗಳು, ಕಾರಣ, ಅಳತೆಯ ಹಾಳೆ. ಒಂದು ಆಕ್ಷೇಪಕ್ಕೆ ಒಂದೇ ಪುಟ. ನೂರು ಜನ ಸಹಿ ಮಾಡಿದ ಒಂದು ಮನವಿಗಿಂತ ಬೇರೆ ಬೇರೆ ಬೀದಿಗಳ ಹತ್ತು ಅಳತೆಗಳು ಉಪಯುಕ್ತ. ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಕೌಂಟರ್ ಬಿಡಬಾರದು. ಮುಂದಿನ ಕರಡಿನ ಜೊತೆ ಪ್ರತಿ ಆಕ್ಷೇಪಕ್ಕೂ ಒಪ್ಪಿದ ಅಥವಾ ತಳ್ಳಿದ ಕಾರಣವಿರುವ ಪಟ್ಟಿ ಕೊಡಬೇಕೆಂದು ಅಲ್ಲೇ ಬರೆದುಕೊಡಬೇಕು. ಕೆಸರಿನ ಗೆರೆಯಿರುವ ಗೋಡೆಗೆ ಆ ಕರಡು ಬರುವವರೆಗೂ ಸುಣ್ಣ ಹೊಡೆಯದೆ ಬಿಡಿ. ಹೊಡೆಯಲೇಬೇಕಾದರೆ ಟೇಪು ಹಿಡಿದು ಫೋಟೋ ತೆಗೆದು, ಗೆರೆಯ ಮಟ್ಟದಲ್ಲಿ ಒಂದು ಮೊಳೆ ಹೊಡೆದಿಡಿ.