ಗೋಡೆಯನ್ನೂ ಲೆಕ್ಕಕ್ಕೆ ಹಿಡಿದು ಕಟ್ಟಿದ ಸ್ಪೀಕರ್‌ಗಳು

ನನ್ನ ರೆಕಾರ್ಡಿಂಗ್ ಕೋಣೆಯ ಮುಂದಿನ ಗೋಡೆಯ ಮೇಲೆ ಈಗ ಎರಡು ಸ್ಪೀಕರ್‌ಗಳಿವೆ. ಎರಡನ್ನೂ ನಾನೇ ಮಾಡಿದ್ದು. ಒಳ್ಳೆಯ ಜೊತೆಯೊಂದನ್ನು ಕೊಂಡು, ಬ್ರಾಕೆಟ್ ಹೊಡೆದು ನೇತುಹಾಕಿದರೆ ಸಾಲದೇ ಎಂದು ಬಹಳ ಜನ ಕೇಳಿದ್ದಾರೆ. ಹಾಡು ಕೇಳುವುದಕ್ಕೆ ಸಾಕು. ರೆಕಾರ್ಡ್ ಮಾಡಿದ ದನಿ, ವಾದ್ಯಗಳನ್ನು ಹದವಾಗಿ ಬೆರೆಸಿ ಮಿಕ್ಸ್ ಮಾಡುವುದಕ್ಕೆ ಸಾಲದು. ಸ್ಟ್ಯಾಂಡಿನ ಮೇಲೆ ನಿಲ್ಲಲೆಂದು ಮಾಡಿದ ಸ್ಪೀಕರನ್ನು ಗೋಡೆಗೆ ಒತ್ತಿಟ್ಟರೆ ಅದರ ಗುಣವೇ ಬದಲಾಗಿಬಿಡುತ್ತದೆ. ಗೋಡೆಯ ಮೇಲೆ ಕೂರುವ ಸ್ಪೀಕರಿಗೆ ಗೋಡೆಯೂ ಒಂದು ಅಂಗ, ಮೊದಲ ಗೆರೆ ಎಳೆಯುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯಬೇಕು.

ಮೇಲಿನ ಸ್ವರಗಳು ಡಬ್ಬದ ಮುಖದಿಂದ ಮುಂದಕ್ಕೆ ಹೊರಡುತ್ತವೆ. ಕೆಳಗಿನವು ಹಾಗಲ್ಲ. 100 ಹರ್ಟ್ಜ್‌ನ ಒಂದು ತರಂಗ 3.4 ಮೀಟರ್ ಉದ್ದ. ಅಷ್ಟು ಉದ್ದದ ತರಂಗಕ್ಕೆ ಪುಟ್ಟ ಡಬ್ಬ ಅಡ್ಡಿಯೇ ಅಲ್ಲ, ಸುತ್ತಿಕೊಂಡು ಹಿಂದಕ್ಕೂ ಹೋಗುತ್ತದೆ. ಹೀಗಾಗಿ ತೆರೆದ ಜಾಗದಲ್ಲಿಟ್ಟ ಸ್ಪೀಕರ್ ಕೇಳುವವರ ದಿಕ್ಕಿಗೆ ಕೆಳಸ್ವರಗಳಲ್ಲಿ 6 ಡೆಸಿಬಲ್‌ವರೆಗೆ ಕಳೆದುಕೊಳ್ಳುತ್ತದೆ. ಬ್ಯಾಫಲ್ ಸ್ಟೆಪ್ ಎನ್ನುವುದು ಇದಕ್ಕೇ. ವಿನ್ಯಾಸ ಮಾಡುವವರು ಈ ಕೊರತೆಯನ್ನು ಕ್ರಾಸ್‌ಓವರ್‌ನಲ್ಲೇ, ಅಂದರೆ ಮೇಲಿನ ಕೆಳಗಿನ ಸ್ವರಗಳನ್ನು ಬೇರ್ಪಡಿಸಿ ಹಂಚುವ ಭಾಗದಲ್ಲೇ, ತುಂಬಿಕೊಟ್ಟಿರುತ್ತಾರೆ. ಅಂಥದ್ದನ್ನು ಗೋಡೆಗೆ ಹಚ್ಚಿದಾಗ ಗೋಡೆಯೂ ಅದೇ ಕೊರತೆಯನ್ನು ತುಂಬುತ್ತದೆ. ಎರಡೂ ಸೇರಿ ಬೇಸ್ ಉಬ್ಬಿಕೊಳ್ಳುತ್ತದೆ. ಹಿಂಬದಿಯಲ್ಲಿ ಪೋರ್ಟ್, ಅಂದರೆ ಗಾಳಿಯಾಡುವ ತೂತು, ಇರುವ ಡಬ್ಬವಾದರಂತೂ ಅದರ ಬಾಯಿ ಕಟ್ಟಿದ ಹಾಗೆ.

ಗೋಡೆಯಿಂದ ದೂರ ಇಟ್ಟುಕೊಂಡರೆ ಬೇರೆ ತೊಂದರೆ. ಸ್ಪೀಕರಿನ ಮುಖ ಗೋಡೆಯಿಂದ 60 ಸೆಂಟಿಮೀಟರ್ ಮುಂದೆ ಇದೆ ಅಂದುಕೊಳ್ಳಿ. ಹಿಂದಕ್ಕೆ ಹೋದ ಶಬ್ದ ಗೋಡೆಗೆ ಬಡಿದು ಮರಳುವಾಗ 1.2 ಮೀಟರ್ ಹೆಚ್ಚು ದಾರಿ ಸವೆಸಿರುತ್ತದೆ. ಸುಮಾರು 143 ಹರ್ಟ್ಜ್‌ನ ತರಂಗಕ್ಕೆ ಅದು ಸರಿಯಾಗಿ ಅರ್ಧ ಉದ್ದ. ನೇರ ಬಂದ ಶಬ್ದವೂ ಮರಳಿ ಬಂದದ್ದೂ ಅಲ್ಲಿ ಒಂದನ್ನೊಂದು ಅಳಿಸುತ್ತವೆ. ಗಂಡಸರ ದನಿಯ ಮೂಲಸ್ವರ ಓಡಾಡುವ ಜಾಗವೇ ಅದು. ಅಂಥ ಕೋಣೆಯಲ್ಲಿ ದನಿ ತೆಳ್ಳಗೆ ಕೇಳುತ್ತದೆ, ಮಿಕ್ಸ್ ಮಾಡುವವರು ಅದಕ್ಕೆ ಮೈ ತುಂಬುತ್ತಾರೆ, ಅದೇ ಹಾಡನ್ನು ಇನ್ನೊಂದು ಕಡೆ ಹಾಕಿದಾಗ ದನಿ ಗುಮ್ಮೆನ್ನುತ್ತದೆ. ಶಬ್ದ ಅಳಿಸಿಹೋದ ಆ ಗುಂಡಿ, ಸ್ವರಗಳನ್ನು ಏರಿಸಿ ಇಳಿಸುವ ಈಕ್ವಲೈಜರ್‌ನಿಂದ ಮುಚ್ಚುವುದಿಲ್ಲ. ನೇರ ಶಬ್ದವನ್ನು ಎಷ್ಟು ಎತ್ತುತ್ತೀರೋ ಮರಳಿ ಬರುವುದೂ ಅಷ್ಟೇ ಏರುತ್ತದೆ. ಕೋಣೆಯ ಗೋಡೆ, ನೆಲಗಳು ಸ್ಪೀಕರಿನ ಕೆಳಸ್ವರಗಳನ್ನು ಹೇಗೆ ಏರುಪೇರು ಮಾಡುತ್ತವೆ ಎಂದು ಸ್ಪೀಕರ್ ವಿನ್ಯಾಸಕ ರಾಯ್ ಆಲಿಸನ್ 1974ರಲ್ಲೇ ವಿವರವಾಗಿ ಬರೆದಿದ್ದಾರೆ.

ದೊಡ್ಡ ಸ್ಟುಡಿಯೋಗಳಲ್ಲಿ ಮುಖ್ಯ ಸ್ಪೀಕರ್‌ಗಳನ್ನು ಗೋಡೆಯೊಳಗೇ ಹುದುಗಿಸಿ, ಮುಖವನ್ನು ಗೋಡೆಯ ಮಟ್ಟಕ್ಕೆ ತರುವುದು ಇದಕ್ಕಾಗಿಯೇ. ಹಿಂದೆ ಜಾಗವೇ ಇಲ್ಲದ ಮೇಲೆ ಹಿಂದಿನಿಂದ ಮರಳಿ ಬರುವ ಶಬ್ದವೂ ಇಲ್ಲ. ಇಟ್ಟಿಗೆ ಗೋಡೆ ಒಡೆಯುವುದು ನನ್ನಿಂದಾಗದ ಮಾತು. ಉಳಿದದ್ದು ಒಂದೇ ದಾರಿ: ಡಬ್ಬವನ್ನು ಆದಷ್ಟು ತೆಳ್ಳಗೆ, ಆದಷ್ಟು ಅಗಲ ಮಾಡಿ ಗೋಡೆಗೆ ಅಂಟಿಸುವುದು. ನನ್ನ ಡಬ್ಬಗಳು 50 ಸೆಂಟಿಮೀಟರ್ ಎತ್ತರ, 36 ಅಗಲ, ನಡುವೆ 14 ಆಳ. ಈ ಆಳಕ್ಕೆ ಶಬ್ದ ಅಳಿಸಿಹೋಗುವ ಗುಂಡಿ ಸುಮಾರು 600 ಹರ್ಟ್ಜ್‌ಗೆ ಏರುತ್ತದೆ. ಅಷ್ಟು ಮೇಲೆ ಬರುವ ಹೊತ್ತಿಗೆ 36 ಸೆಂಟಿಮೀಟರ್ ಅಗಲದ ಮುಖ ಹೆಚ್ಚಿನ ಶಬ್ದವನ್ನು ಮುಂದಕ್ಕೇ ತಳ್ಳುತ್ತಿರುತ್ತದೆ. ಹಿಂದಕ್ಕೆ ನುಸುಳುವ ಸ್ವಲ್ಪವನ್ನು ಡಬ್ಬದ ಸುತ್ತ ಗೋಡೆಗೆ ಹಚ್ಚಿದ 10 ಸೆಂಟಿಮೀಟರ್ ದಪ್ಪದ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಹೀರಿಕೊಳ್ಳುತ್ತದೆ. 143 ಹರ್ಟ್ಜ್‌ನ ಗುಂಡಿಯನ್ನು ಹೀಗೆ ಹೀರಿಸಬೇಕಾದರೆ ಅರ್ಧ ಮೀಟರಿಗೂ ಹೆಚ್ಚು ದಪ್ಪ ಬೇಕಾಗುತ್ತಿತ್ತು.

14 ಎಂದದ್ದು ಸರಾಸರಿ. ಗೋಡೆಗೆ ಹಚ್ಚಿದ ಸ್ಪೀಕರನ್ನು ಆಮೇಲೆ ನಿಮ್ಮ ಕಡೆ ತಿರುಗಿಸಲು ಬರುವುದಿಲ್ಲ, ಹಾಗಾಗಿ ಓರೆಯನ್ನು ಡಬ್ಬದಲ್ಲೇ ಕಟ್ಟಬೇಕು. ಹೊರಗಿನ ಅಂಚು 19 ಸೆಂಟಿಮೀಟರ್, ಒಳಗಿನದು 9. ಮುಖ ಸುಮಾರು 15 ಡಿಗ್ರಿ ಒಳಕ್ಕೆ ತಿರುಗಿದೆ. ನಾನು ಕೂರುವ ಜಾಗಕ್ಕೆ ಪೂರಾ ತಿರುಗಬೇಕಾದರೆ 30 ಡಿಗ್ರಿ ಬೇಕು, ಆದರೆ ಡಬ್ಬ ಮತ್ತೆ ದಪ್ಪವಾಗಿ ಮೂಲ ಉದ್ದೇಶವೇ ಕೆಡುತ್ತದೆ. ಮೇಲಿನ ಸ್ವರಗಳನ್ನು ನುಡಿಸುವ ಗುಮ್ಮಟದಾಕಾರದ ಟ್ವೀಟರ್ 15 ಡಿಗ್ರಿ ಪಕ್ಕದಿಂದ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ. ಎಲ್ಲ ಅಳತೆಗಳನ್ನೂ ನಾನು ಆ ಕೋನದಲ್ಲೇ ಮೈಕ್ ಇಟ್ಟು ತೆಗೆದೆ.

ಡಬ್ಬ ಪೂರ್ತಿ ಮುಚ್ಚಿದ್ದು, ಪೋರ್ಟ್ ಇಲ್ಲ. ಒಳಗೆ ಸಿಕ್ಕಿಕೊಂಡ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಳ್ಳುವ ಉಪಾಯವನ್ನು ಎಡ್ಗರ್ ವಿಲ್ಚರ್ 1954ರ ಎಆರ್-1 ಸ್ಪೀಕರಿನಲ್ಲಿ ತೋರಿಸಿದರು. ಸ್ಟುಡಿಯೋಗಳಲ್ಲಿ ಮನೆಮಾತಾದ ಯಮಹಾ ಎನ್ಎಸ್-10 ಕೂಡ ಮುಚ್ಚಿದ ಡಬ್ಬವೇ. ಲೆಕ್ಕ ಸುಲಭ, ಎಂಜಿನಿಯರ್‌ಗಳಾದ ಥೀಲ್ ಮತ್ತು ಸ್ಮಾಲ್ ಕೊಟ್ಟ ಮೂರು ಸಂಖ್ಯೆಗಳು ಸಾಕು. ಕೆಳಗಿನ ಸ್ವರಗಳನ್ನು ನುಡಿಸುವ ನನ್ನ ಆರೂವರೆ ಇಂಚಿನ ವೂಫರ್‌ನ ಅನುರಣನ, ಅಂದರೆ ಅದು ತಾನಾಗಿ ಕಂಪಿಸುವ ಸ್ವರ, 42 ಹರ್ಟ್ಜ್; ಆ ಕಂಪನ ಎಷ್ಟು ಬೇಗ ಅಡಗುತ್ತದೆ ಎಂದು ಹೇಳುವ ಕ್ಯೂಟಿಎಸ್ 0.45; ವೂಫರ್‌ನ ಬಿಗಿತಕ್ಕೆ ಸಮನಾದ ಗಾಳಿಯ ಗಾತ್ರ, ವಿಎಎಸ್, 22 ಲೀಟರ್. ಡಬ್ಬದೊಳಗಿನ ಕ್ಯೂ 0.707 ಬರಬೇಕಾದರೆ 15 ಲೀಟರ್ ಬೇಕು, ಆಗ ಅನುರಣನ 66 ಹರ್ಟ್ಜ್‌ಗೆ ಏರುತ್ತದೆ. ಅಲ್ಲಿಂದ ಕೆಳಗೆ ಆಕ್ಟೇವ್‌ಗೆ 12 ಡೆಸಿಬಲ್‌ನಂತೆ ಮೆಲ್ಲಗೆ ಇಳಿಯುವ ಬೇಸ್ ಸಿಗುತ್ತದೆ, ಎಲ್ಲೂ ಎಳೆದಾಡುವುದಿಲ್ಲ. ಗೋಡೆ ಕೊಡುವ ಉಚಿತ ಬೇಸ್ ಇದ್ದೇ ಇದೆ.

ಮರಗೆಲಸದ ಬಗ್ಗೆ ಒಂದೇ ಸಂಗತಿಯನ್ನು ಹತ್ತಿರದಿಂದ ಹೇಳುತ್ತೇನೆ. 18 ಮಿಲಿಮೀಟರ್ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಬಳಸಿದ್ದೇನೆ. ಟ್ವೀಟರಿನ ತಗಡು ಮುಖದ ಮೇಲೆ ಎದ್ದು ನಿಲ್ಲದೆ ಮಟ್ಟಸವಾಗಿ ಕೂರಬೇಕು. ಎದ್ದು ನಿಂತ ಅಂಚಿನಿಂದ ಮೇಲಿನ ಸ್ವರಗಳು ಚದುರುತ್ತವೆ. ಮರ ಕೊರೆಯುವ ರೌಟರ್ ಯಂತ್ರವನ್ನು ನಡುವಿನ ಮೊಳೆಯ ಸುತ್ತ ತಿರುಗಿಸಿ ವೃತ್ತ ಕೊರೆಯುವಾಗ, ತಗಡು ಕೂರುವ ಅಗಲದ, ಕಡಿಮೆ ಆಳದ ಕುಳಿಯನ್ನು ಮೊದಲು ತೆಗೆಯಬೇಕು, ಆರಪಾರ ತೂತು ಆಮೇಲೆ. ತೂತು ಬಿದ್ದ ಮೇಲೆ ನಡುವಿನ ಮರವೂ ಮೊಳೆಯೂ ಕೆಳಗೆ ಬಿದ್ದುಹೋಗುತ್ತವೆ, ಮತ್ತೆ ವೃತ್ತ ಹಿಡಿಯಲು ಕೇಂದ್ರವೇ ಉಳಿದಿರುವುದಿಲ್ಲ. ಆಳವನ್ನು ಅದೇ ಹಲಗೆಯ ಚೂರಿನ ಮೇಲೆ ಕೊರೆದು, ತಗಡನ್ನು ಕೂರಿಸಿ, ಬೆರಳ ತುದಿಯಿಂದ ಸವರಿ ನೋಡಬೇಕು. ಕಣ್ಣಿಗೆ ಕಾಣದ ಮೆಟ್ಟಿಲು ಬೆರಳಿಗೆ ತಿಳಿಯುತ್ತದೆ. ಮಾಸ್ಕ್ ಇಲ್ಲದೆ ಎಂಡಿಎಫ್ ಕೊಯ್ಯಲೇಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ತೆಳ್ಳನೆಯ ಡಬ್ಬಕ್ಕೆ ಅದರದೇ ಒಂದು ಕಾಯಿಲೆಯಿದೆ. ವೂಫರ್‌ನ ಅಲುಗುವ ಶಂಕುವಿನ, ಅಂದರೆ ಕೋನಿನ, ಬೆನ್ನಿನಿಂದ ಹೊರಟ ಶಬ್ದ ಹತ್ತೇ ಸೆಂಟಿಮೀಟರ್ ಹಿಂದಿರುವ ಹಲಗೆಗೆ ಬಡಿದು, ಕೋನಿನ ಮೂಲಕವೇ ಹೊರಗೆ ಬರುತ್ತದೆ. ವೂಫರ್‌ನ ಹಿಂದಿನ ಹಲಗೆಗೆ ದಪ್ಪ ಫೆಲ್ಟ್ ಅಂಟಿಸಿ, ಉಳಿದ ಜಾಗಕ್ಕೆ ಪಾಲಿಯೆಸ್ಟರ್ ಹತ್ತಿಯನ್ನು ಸಡಿಲವಾಗಿ ತುಂಬಿದೆ.

ಕ್ರಾಸ್‌ಓವರ್ ಡಿಎಸ್‌ಪಿಯಲ್ಲಿ, ಅಂದರೆ ಶಬ್ದವನ್ನು ಅಂಕಿಗಳಾಗಿ ತಿದ್ದುವ ಉಪಕರಣದಲ್ಲಿ, ಇದೆ; ವೂಫರ್, ಟ್ವೀಟರ್ ಎಂಬ ಒಂದೊಂದು ಡ್ರೈವರಿಗೂ ಒಂದೊಂದು ಆಂಪ್ ಚಾನೆಲ್. ಗೋಡೆಯ ಸ್ಪೀಕರಿಗೆ ಇದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗೋಡೆ ಎಷ್ಟು ಬೇಸ್ ಸೇರಿಸುತ್ತದೆ ಎನ್ನುವುದು ನೇತುಹಾಕಿ ಅಳೆದ ಮೇಲೆ ತಿಳಿಯುವ ವಿಷಯ. ಡಿಎಸ್‌ಪಿಯಲ್ಲಾದರೆ ಆಗಲೂ ತಿದ್ದಬಹುದು, ಕಾಯಿಲ್ ಬಿಚ್ಚಿ ಮತ್ತೆ ಬೆಸುಗೆ ಹಾಕುವ ಕೆಲಸವಿಲ್ಲ. ಆಂಪ್ ಆನ್ ಮಾಡಿದಾಗಿನ ಹೊಡೆತಕ್ಕೆ ಟ್ವೀಟರ್ ಸುಡದಿರಲೆಂದು ಅದರ ತಂತಿಗೆ ಸರಣಿಯಲ್ಲಿ ಒಂದು ಕೆಪಾಸಿಟರ್ ಹಾಕಿದ್ದೇನೆ. ಎರಡು ಡ್ರೈವರ್‌ಗಳು ಕೈ ಬದಲಿಸುವುದು 2,200 ಹರ್ಟ್ಜ್‌ನಲ್ಲಿ, ಲಿಂಕ್ವಿಟ್ಜ್-ರೈಲಿ ಎಂಬ ಬಗೆಯ ಇಳಿಜಾರಿನಲ್ಲಿ. ಅಲ್ಲಿನ ತರಂಗ 15.6 ಸೆಂಟಿಮೀಟರ್, ನನ್ನ ಡ್ರೈವರ್‌ಗಳ ಕೇಂದ್ರಗಳ ನಡುವಿನ ಅಂತರ 14ಕ್ಕೂ ಕಡಿಮೆ. ಅಂತರ ತರಂಗಕ್ಕಿಂತ ಚಿಕ್ಕದಾಗಿದ್ದರೆ ಕುರ್ಚಿಯಲ್ಲಿ ಸ್ವಲ್ಪ ಮೇಲೆ ಕೆಳಗೆ ಸರಿದರೂ ದನಿ ಬಣ್ಣಗೆಡುವುದಿಲ್ಲ.

ಎರಡೂ ಡ್ರೈವರ್‌ಗಳು ಹೊಂದಿಕೊಂಡವೋ ಇಲ್ಲವೋ ನೋಡಲು ನನಗೆ ಬಹಳ ಇಷ್ಟವಾದ ಪರೀಕ್ಷೆಯೊಂದಿದೆ. ಟ್ವೀಟರಿನ ಪೊಲಾರಿಟಿಯನ್ನು (ಪ್ಲಸ್-ಮೈನಸ್) ಬೇಕೆಂದೇ ಉಲ್ಟಾ ಮಾಡಿ ಅಳೆಯುವುದು. ಹೊಂದಾಣಿಕೆ ಸರಿಯಿದ್ದರೆ 2,200ರ ಸುತ್ತ ಗ್ರಾಫ್ ಬಾವಿಗೆ ಇಳಿದಂತೆ ಇಳಿಯುತ್ತದೆ, ಎರಡೂ ಬದಿ ಒಂದೇ ಥರ. ಓರೆಯಾಗಿ ಇಳಿದರೆ ಟ್ವೀಟರಿನ ವಿಳಂಬವನ್ನು ಮೈಕ್ರೋಸೆಕೆಂಡ್‌ಗಳಲ್ಲಿ ಸರಿಸುತ್ತ ಹೋಗಬೇಕು. ಬಾವಿ ನೇರ, ಆಳ ಆಯಿತೆಂದಾಗ ಪೊಲಾರಿಟಿ ಸರಿಮಾಡಿದರೆ ಅದೇ ಜಾಗ ಸಮತಟ್ಟಾಗಿ ತುಂಬಿಕೊಳ್ಳುತ್ತದೆ. ಪರದೆಯ ಮೇಲೆ ಅದನ್ನು ನೋಡುವ ಖುಷಿಗೆ ಈ ಕೆಲಸವನ್ನು ಇನ್ನೊಮ್ಮೆ ಮಾಡಲೂ ಸಿದ್ಧ.

ಒಂದೊಂದು ಸ್ಪೀಕರ್ 11 ಕಿಲೋಗೂ ಮಿಕ್ಕಿದೆ. ಅದನ್ನು ಹೊರುವುದು 45 ಡಿಗ್ರಿ ಓರೆಯಾಗಿ ಕೊಯ್ದ ಎರಡು ಮರದ ಪಟ್ಟಿಗಳು, ಒಂದು ಗೋಡೆಗೆ, ಒಂದು ಡಬ್ಬದ ಬೆನ್ನಿಗೆ. ಒಂದರ ಮೇಲೊಂದು ಕೊಂಡಿ ಹಾಕಿದಂತೆ ಕೂರುತ್ತವೆ. ಗೋಡೆಯ ಪಟ್ಟಿಗೆ ಆಂಕರ್ ಬೋಲ್ಟ್, ನಡುವೆ ರಬ್ಬರ್. ಡಬ್ಬಕ್ಕೂ ಗೋಡೆಗೂ ಉಳಿಯುವ ಸಂದಿಯನ್ನು ಖಾಲಿ ಬಿಡಬಾರದು, ಫೋಮ್ ತುಂಬಬೇಕು. ತಂತಿಯ ಟರ್ಮಿನಲ್‌ಗಳು ಡಬ್ಬದ ತಳದಲ್ಲಿರಲಿ. ಟ್ವೀಟರ್ ನೆಲದಿಂದ 1.2 ಮೀಟರ್, ಕೂತಾಗಿನ ಕಿವಿಯ ಎತ್ತರ.

ನೇತುಹಾಕಿದ ಮೇಲೆ ಕೂರುವ ಜಾಗದಲ್ಲಿ ಆರ್‌ಇಡಬ್ಲ್ಯೂ ತಂತ್ರಾಂಶದಿಂದ ಅಳೆದಾಗ 200 ಹರ್ಟ್ಜ್‌ನಿಂದ ಕೆಳಗೆ ಸುಮಾರು 4 ಡೆಸಿಬಲ್ ಹೆಚ್ಚಿತ್ತು. ಡಿಎಸ್‌ಪಿಯಲ್ಲಿ ಕೆಳಸ್ವರಗಳನ್ನೆಲ್ಲ ಒಟ್ಟಿಗೆ ತಗ್ಗಿಸುವ ಒಂದು ಲೋ ಶೆಲ್ಫ್ ಹಾಕಿ ಅಷ್ಟನ್ನೂ ಇಳಿಸಿದೆ. ಹೀಗೆ ಇಳಿಸಿದ್ದು ವೂಫರ್‌ಗೆ ಲಾಭವೇ, ಅದೇ ಮಟ್ಟದ ಬೇಸ್‌ಗೆ ಕೋನ್ ಕಡಿಮೆ ಅಲುಗಿದರೆ ಸಾಕು. ಹಿಂದಿನ ಗೋಡೆ ನನ್ನ ತಲೆಯಿಂದ ಒಂದೂವರೆ ಮೀಟರ್. ಅದರಿಂದ 57 ಹರ್ಟ್ಜ್‌ನ ಹತ್ತಿರ ಇನ್ನೂ ಒಂದು ಗುಂಡಿ ಇದೆ. ಮುಂದಿನ ಗೋಡೆಗೆ ಸ್ಪೀಕರ್ ಅಂಟಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ, ಹಿಂದಿನ ಗೋಡೆಯ ಉದ್ದಕ್ಕೂ ಕೆಳಸ್ವರಗಳನ್ನು ಹೀರುವ ದಪ್ಪನೆಯ ಬೇಸ್ ಟ್ರ್ಯಾಪ್ ಕಟ್ಟಬೇಕು. ಮರದ ಚೌಕಟ್ಟುಗಳನ್ನು ಕೊಯ್ದಿಟ್ಟಿದ್ದೇನೆ. ಅಲ್ಲಿಯವರೆಗೆ ಬೇಸ್ ಗಿಟಾರಿನ, 41 ಹರ್ಟ್ಜ್‌ನಿಂದ ಶುರುವಾಗುವ ಕೆಳತಂತಿಯ ಮಟ್ಟವನ್ನು ಹೆಡ್‌ಫೋನಿನಲ್ಲಿ ನೋಡಿಯೇ ನಿಶ್ಚಯಿಸುತ್ತೇನೆ. ದನಿ, ಗಿಟಾರ್, ಸ್ನೇರ್ ಇವುಗಳ ತೀರ್ಮಾನವೆಲ್ಲ ಈ ಸ್ಪೀಕರ್‌ಗಳದ್ದೇ.