ಅಜ್ಜಿಯ ತಮ್ಮನ ಜಾಡು ಹಿಡಿದು

ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಂಗೈಯಷ್ಟು ಅಗಲದ ಒಂದು ಫೋಟೊ ಇದೆ. ಅದರಲ್ಲಿ ಸುಮಾರು ಹನ್ನೆರಡು ವರ್ಷದ ಒಬ್ಬ ಹುಡುಗಿ, ತನಗಿಂತ ಚಿಕ್ಕವನಾದ ಹುಡುಗನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಹುಡುಗಿ ನನ್ನ ತಾಯಿಯ ತಾಯಿ. ಹುಡುಗ ಆಕೆಯ ತಮ್ಮ. ಹರೆಯದಲ್ಲಿ ಮನೆ ಬಿಟ್ಟು ಹೋದವನು ಮತ್ತೆ ಬರಲಿಲ್ಲ, ಕಾಗದವನ್ನೂ ಬರೆಯಲಿಲ್ಲ. ಯಾಕೆ ಹೋದನೆಂದು ಕೇಳಿದಾಗಲೆಲ್ಲ ಅಜ್ಜಿ ಮಾತು ಬದಲಿಸುತ್ತಿದ್ದಳು, ಮತ್ತು ನಾವು ಗಟ್ಟಿಯಾಗಿ ಕೇಳುವಷ್ಟು ದೊಡ್ಡವರಾಗುವ ಹೊತ್ತಿಗೆ ಆಕೆ ಇರಲಿಲ್ಲ.

ಹುಡುಕಾಟವನ್ನು ನಾನು ಆರಂಭಿಸಿದ್ದು ದಾಖಲೆಗಳಿಂದ. ಆತನದೆಂದು ತೋರುವ ಮೂರು ಕಾಗದಗಳು ಸಿಕ್ಕವು, ಮೂರರಲ್ಲಿ ಮೂರು ಜನ್ಮವರ್ಷಗಳಿದ್ದವು. ಘಟನೆ ನಡೆದ ಕಾಲಕ್ಕೆ ಹತ್ತಿರದಲ್ಲಿ ಬರೆದ ದಾಖಲೆಯನ್ನೇ ಹೆಚ್ಚು ನಂಬಬೇಕು ಎಂಬುದು ಈ ಕೆಲಸದ ಮೊದಲ ಪಾಠ. ಮರಣ ಪತ್ರದಲ್ಲಿರುವ ಜನ್ಮದಿನಾಂಕವನ್ನು ಹೇಳಿದವರು ಸತ್ತವರಲ್ಲ, ಬೇರೆ ಯಾರೋ. ಆದರೆ ಹೆಸರಿನ ಕಾಗುಣಿತವೂ ಒಂದೊಂದರಲ್ಲಿ ಒಂದೊಂದು ರೀತಿ ಇದ್ದುದರಿಂದ, ಮೂವರೂ ಒಬ್ಬನೇ ಎಂದು ಸಾಧಿಸಲು ನನ್ನಿಂದ ಆಗಲಿಲ್ಲ.

ಕೊನೆಗೆ ಡಿಎನ್‌ಎ ಪರೀಕ್ಷೆಗೆ ಮನಸ್ಸು ಮಾಡಿದೆ, ಅದರಲ್ಲೂ ಮೊದಲು ತಪ್ಪಿದೆ. ಅಜ್ಜಿಯ ಕಡೆಯವರು ಎಂದ ಮೇಲೆ ತಾಯಿಯಿಂದ ಮಕ್ಕಳಿಗೆ ಇಳಿದು ಬರುವ ಮೈಟೋಕಾಂಡ್ರಿಯದ ಪರೀಕ್ಷೆಯೇ ಸರಿ ಎಂದುಕೊಂಡು ಹಣ ಕಟ್ಟಿದ್ದೆ. ಅಜ್ಜಿಗೆ ಬಂದದ್ದು ಅವಳ ತಮ್ಮನಿಗೂ ಬಂದಿರುತ್ತದೆ ನಿಜ, ಆದರೆ ಗಂಡಸು ಅದನ್ನು ತನ್ನ ಮಕ್ಕಳಿಗೆ ದಾಟಿಸಲಾರ. ಅವನ ಸಂತತಿಯನ್ನು ಆ ದಾರಿಯಲ್ಲಿ ಹುಡುಕುವುದು ಮುಚ್ಚಿದ ಬಾಗಿಲನ್ನು ತಟ್ಟಿದಂತೆ ಎಂಬುದು ಆಮೇಲೆ ಹೊಳೆಯಿತು. ತಂದೆ ತಾಯಿ ಇಬ್ಬರ ಕಡೆಯನ್ನೂ ನೋಡುವ ಸಾಮಾನ್ಯ ಪರೀಕ್ಷೆ ಮಾಡಿಸಿದಾಗ, ಅದೇ ಪರೀಕ್ಷೆ ಮಾಡಿಸಿಕೊಂಡಿದ್ದ, ಪರಿಚಯವೇ ಇಲ್ಲದ ಒಬ್ಬ ಮಹಿಳೆಯೊಂದಿಗೆ 418 ಸೆಂಟಿಮಾರ್ಗನ್‌ಗಳಷ್ಟು ಹೊಂದಾಣಿಕೆ ಇದೆ ಎಂದು ಬಂತು.

ಸೆಂಟಿಮಾರ್ಗನ್ ಎಂದರೆ ಹಂಚಿಕೊಂಡ ವಂಶವಾಹಿಯನ್ನು ಅಳೆಯುವ ಮಾನ. 418 ಎಂದರೆ ಹೆಚ್ಚುಕಡಿಮೆ ಶೇಕಡ 6. ಅಜ್ಜಿಯ ತಮ್ಮನ ಮಗಳೊಂದಿಗೂ ಇಷ್ಟೇ ಬರಬಹುದು, ಚಿಕ್ಕಮ್ಮನ ಮೊಮ್ಮಗಳೊಂದಿಗೂ ಇಷ್ಟೇ ಬರಬಹುದು. ನಾವು ಬೇರೆ ಬೇರೆ ಹೆಸರಿಟ್ಟು ಕರೆಯುವ ಸಂಬಂಧಗಳೆಲ್ಲ ಅಲ್ಲಿ ಒಂದೇ ಅಂಕಿಯಾಗಿ ಕುಳಿತಿರುತ್ತವೆ. ಗಂಟು ಬಿಡಿಸಿದ್ದು ಅಮ್ಮ. ಅವಳ ಪರೀಕ್ಷೆಯಲ್ಲಿ ಅದೇ ಮಹಿಳೆಯೊಂದಿಗೆ ಬಂದ ಅಂಕಿ 861, ಅಂದರೆ ನನ್ನದರ ಇಮ್ಮಡಿಗಿಂತ ತುಸು ಹೆಚ್ಚು. ಒಡಹುಟ್ಟಿದವರ ಮಕ್ಕಳ ನಡುವೆ ಇರಬೇಕಾದಷ್ಟೇ. ಅಮ್ಮನ ಒಡಹುಟ್ಟಿದವರ ಮೊಮ್ಮಕ್ಕಳೊಂದಿಗೂ ಅಷ್ಟೇ ಬರಬಹುದು, ಆದರೆ ಅವರೆಲ್ಲ ನಮ್ಮ ಕಣ್ಣೆದುರೇ ಬೆಳೆದವರು, ಅವರಲ್ಲಿ ಈಕೆ ಇರಲಿಲ್ಲ.

ಇಷ್ಟು ತಿಳಿದ ಸಂಭ್ರಮದಲ್ಲಿ ಆಕೆಗೆ ಉದ್ದನೆಯ ಪತ್ರ ಬರೆದು, ವಂಶವೃಕ್ಷವನ್ನೂ ಲಗತ್ತಿಸಿ ಕಳುಹಿಸಿದೆ. ಐದು ತಿಂಗಳು ಉತ್ತರವಿಲ್ಲ. ಸತ್ತವರನ್ನು ಹುಡುಕುವಾಗ ಯಾರ ಅಪ್ಪಣೆಯೂ ಬೇಕಿಲ್ಲ, ಬದುಕಿರುವವರ ವಿಷಯ ಹಾಗಲ್ಲ. ಅಪರಿಚಿತನೊಬ್ಬ ಏಕಾಏಕಿ ನಿಮ್ಮ ತಂದೆಯ ಬಾಲ್ಯವನ್ನು ನಿಮಗೇ ಹೇಳಿಕೊಡಲು ಬಂದರೆ ಯಾರಾದರೂ ಹಿಂಜರಿಯುತ್ತಾರೆ. ಎರಡನೆಯ ಸಲ ಎರಡೇ ಸಾಲು ಬರೆದೆ: ನಿಮ್ಮ ತಂದೆಯವರಿಗೆ ಒಬ್ಬ ಅಕ್ಕ ಇದ್ದರೆಂದು ನಂಬಿದ್ದೇನೆ, ಮಾತಾಡಲು ಇಷ್ಟವಿಲ್ಲದಿದ್ದರೆ ಮತ್ತೆ ಬರೆಯುವುದಿಲ್ಲ.

ಮುಂದಿನ ಭಾನುವಾರ ಫೋನ್ ಬಂತು. ದನಿ ವಯಸ್ಸಾದದ್ದು, ನಿಧಾನದ್ದು. ನಾನು ಶೇಕಡಾವಾರು ವಿವರಿಸಲು ಹೊರಟರೆ ಆಕೆ ತಡೆದು, "ಅದೆಲ್ಲ ಇರಲಿ. ನಿಮ್ಮ ತಾಯಿಗೆ ನಾನು ಸೋದರಮಾವನ ಮಗಳು, ಅಲ್ಲವೇ? ಹಾಗಾದರೆ ನಿನಗೆ ನಾನು ಅತ್ತೆಯಾಗಬೇಕು" ಎಂದರು. ನಾನು ವರ್ಷಗಟ್ಟಲೆ ಹಾಕಿದ ಲೆಕ್ಕವನ್ನು ಅವರು ಅರ್ಧ ನಿಮಿಷದಲ್ಲಿ ಮುಗಿಸಿದ್ದರು, ಆ ಮಾತಿನಲ್ಲೇ 'ನಿಮ್ಮ' ಹೋಗಿ 'ನಿನಗೆ' ಬಂದಿತ್ತು.

ಮನೆ ಬಿಟ್ಟ ಕಾರಣ ಅವರಿಗೂ ಗೊತ್ತಿರಲಿಲ್ಲ. ತನಗೆ ಹಿಂದೆಮುಂದೆ ಯಾರೂ ಇಲ್ಲವೆಂದೇ ಅವರ ತಂದೆ ಕೊನೆಯವರೆಗೂ ಹೇಳುತ್ತಿದ್ದರಂತೆ. ನಾನು ಫೋಟೊದ ವಿಷಯ ತೆಗೆದಾಗ ಅತ್ತ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ತಮ್ಮಲ್ಲೂ ತಂದೆಯ ಚಿಕ್ಕಂದಿನದೊಂದು ಫೋಟೊ ಇದೆ, ಎಡಗಡೆ ಕತ್ತರಿಯಿಂದ ನೀಟಾಗಿ ಕತ್ತರಿಸಿದೆ ಎಂದರು. "ಅಪ್ಪನ ಹೆಗಲ ಮೇಲೆ ನಾಲ್ಕು ಬೆರಳುಗಳು ಉಳಿದಿವೆ. ಯಾರವೆಂದು ಕೇಳಿದರೆ ಹೇಳುತ್ತಿರಲಿಲ್ಲ. ನಿನ್ನದನ್ನು ಕಳುಹಿಸು, ನೋಡೋಣ."

ನಾನು ಪೆಟ್ಟಿಗೆ ತೆರೆಯಲು ಎದ್ದೆ.